ಸ್ಪೋರ್ಟ್ಸ್ ಕಾರಿನಲ್ಲಿ ಪೆಟ್ರೋಲ್ ವಾಸನೆ: ಮೂಲ ಹುಡುಕುವುದು, ಸರಿಪಡಿಸುವುದು

ಚಿಕ್ಕಮಗಳೂರು ಕಡೆ ಸ್ಪೋರ್ಟ್ಸ್ ಕಾರುಗಳಿಗೇನೂ ಬರ ಇಲ್ಲ. ರ‍್ಯಾಲಿ ಹುಚ್ಚು ಇರುವ ಊರು. ಏಷ್ಯಾ ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ಇಲ್ಲಿನ ಕಾಫಿ ತೋಟದ ದಾರಿಗಳಲ್ಲೇ ನಡೆದಿದೆ. ಎಷ್ಟೋ ಶೆಡ್ಡುಗಳಲ್ಲಿ ಜೀಪಿನ ಪಕ್ಕ ಒಂದು ಹಳೇ ಪೋರ್ಷೆ ಬಾಕ್ಸ್‌ಸ್ಟರ್ ಅಥವಾ ಆಡಿ ಟಿಟಿ ಟಾರ್ಪಾಲು ಹೊದ್ದು ನಿಂತಿರುತ್ತದೆ. ಹದಿನೈದು ದಿನಕ್ಕೊಮ್ಮೆ ಕೈಮರ ದಾಟಿ ಗಿರಿ ಕಡೆ ಒಂದು ರೌಂಡ್, ಆಮೇಲೆ ಮತ್ತೆ ಶೆಡ್ಡು. ನಿಂತೇ ಇರುವ ಕಾರಿನ ರಬ್ಬರ್ ಒಣಗುತ್ತದೆ, ಇಲಿ ಸೇರುತ್ತದೆ. ಒಂದು ದಿನ ಬಾಗಿಲು ತೆಗೆದ ಕೂಡಲೇ ಮೂಗಿಗೆ ಪೆಟ್ರೋಲ್ ಹೊಡೆಯುತ್ತದೆ.

ಆಗ ಗ್ಯಾರೇಜಿಗೆ ಫೋನ್. "ಪಂಪ್ ಹೋಗಿರ್ಬೇಕು ಸಾರ್, ಬದಲಾಯಿಸಿಬಿಡೋಣ." ಪಂಪ್ ಬರುತ್ತದೆ, ಬಿಲ್ಲೂ ಬರುತ್ತದೆ, ವಾಸನೆ ಮಾತ್ರ ಹೋಗಲ್ಲ. ಆಮೇಲೆ ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಆಮೇಲೆ ಫಿಲ್ಟರ್. ಊಹೆ ಮೇಲೆ ಪಾರ್ಟ್ ಬದಲಾಯಿಸೋಕೆ ಕೊನೆ ಅನ್ನೋದೇ ಇಲ್ಲ. ಪಾನಾ ಕೈಗೆ ತಗೊಳ್ಳುವ ಮೊದಲು ಎರಡು ಪ್ರಶ್ನೆಗೆ ಉತ್ತರ ಬೇಕು: ವಾಸನೆ ಯಾವಾಗ ಬರುತ್ತದೆ? ಎಲ್ಲಿ ಜೋರಾಗಿದೆ? ಈ ಲೇಖನದ ಒಂದು ದೊಡ್ಡ ಭಾಗ ಇವೆರಡರ ಬಗ್ಗೆಯೇ ಇದೆ.

ಮೊದಲು ಜೀವ, ಆಮೇಲೆ ಕಾರು

ಕಾರಿನ ಕೆಳಗೆ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಸ್ಟಾರ್ಟ್ ಮಾಡಲೇಬೇಡಿ. "ಟೌನ್‌ವರೆಗೆ ತಾನೇ, ಮೆಲ್ಲಗೆ ಹೋದ್ರಾಯ್ತು" ಅನ್ನೋದು ಬೇಡ. ಕಾರನ್ನು ಪೂರ್ತಿ ಮೇಲೇರಿಸಿಕೊಂಡು ಹೋಗುವ ಗಾಡಿ ಕರೆಸಿ. ಘಾಟಿ ಇಳಿದು ಬಂದ ಕಾರಿನ ಸೈಲೆನ್ಸರ್ ಪೈಪು, ಬ್ರೇಕ್ ಡಿಸ್ಕು ಎಷ್ಟು ಕಾದಿರುತ್ತವೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ.

ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲಕ್ಕೆ ಹೋಗಲ್ಲ, ನೆಲ ಹಿಡಿದು ಇಳಿಜಾರಿನ ಕಡೆ ಸಾಗುತ್ತದೆ. ಗಾಳಿಯಲ್ಲಿ ಶೇ 1.4ರಷ್ಟು ಆವಿ ಸೇರಿದರೂ ಒಂದು ಕಿಡಿ ಸಾಕು. ಮೈನಸ್ 40 ಡಿಗ್ರಿ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ವಸ್ತು ಅದು. ಹಾಗಾಗಿ ನಮ್ಮೂರಿನ ಚಳಿಗೆ ಏನೂ ಆಗಲ್ಲ ಅಂದುಕೊಳ್ಳಬೇಡಿ. ಕಾರಿನ ಕೆಳಗೆ ಕೆಲಸ ಮಾಡಲು ಗುಂಡಿ ತೋಡಿಸಿದ್ದರೆ ಈ ಕೆಲಸಕ್ಕೆ ಅದರೊಳಗೆ ಇಳಿಯಬೇಡಿ. ಆವಿ ಬಂದು ತುಂಬಿಕೊಳ್ಳುವುದೇ ಅಲ್ಲಿ.

ಯಾವ ಕಂಪನಿಯ ಕೈಪಿಡಿಯಲ್ಲೂ ಇಲ್ಲದ ಒಂದು ಮಾತು: ಬಚ್ಚಲ ಒಲೆ. ಮಲೆನಾಡಿನ ಮನೆಗಳಲ್ಲಿ ಶೆಡ್ಡು ಸ್ವಲ್ಪ ಎತ್ತರದಲ್ಲಿ, ಬಚ್ಚಲು ಕೆಳಗೆ ಇರುವುದು ಮಾಮೂಲು. ಬೆಳಗ್ಗೆ ಹಂಡೆಗೆ ಉರಿ ಹಾಕಿರುತ್ತಾರೆ. ಶೆಡ್ಡಿನಲ್ಲಿ ನೀವು ಪೈಪ್ ಬಿಚ್ಚಿದರೆ ಆವಿ ನೆಲದ ಮೇಲೇ ಸಾಗಿ ಆ ಒಲೆ ತನಕ ಹೋಗಬಹುದು. ಕೆಲಸದ ದಿನ ಒಲೆ ಆರಿರಲಿ, ಇಲ್ಲವೇ ಕಾರನ್ನು ತಳ್ಳಿಕೊಂಡು ಕಾಫಿ ಕಣಕ್ಕೆ ತನ್ನಿ. ಬಯಲಿಗಿಂತ ಒಳ್ಳೆಯ ಗ್ಯಾರೇಜ್ ಈ ಕೆಲಸಕ್ಕೆ ಇಲ್ಲ.

ಉಳಿದದ್ದು ಚುಟುಕಾಗಿ. ಬಿ ದರ್ಜೆಯ ಬೆಂಕಿಗೆ, ಅಂದರೆ ಪೆಟ್ರೋಲಿನಂಥ ದ್ರವದ ಬೆಂಕಿಗೆ, ಆಗುವ ಪೌಡರ್ ಅಥವಾ ಫೋಮ್ ನಂದಕ ಕೈಗೆ ಸಿಗುವ ಹಾಗಿರಲಿ, ನೀರಿನ ಬಕೆಟ್ ಇದಕ್ಕೆ ಪ್ರಯೋಜನವಿಲ್ಲ. ವೈರಿಗೆ ನೇತುಹಾಕುವ ಹಳೇ ಬಲ್ಬು ಬೇಡ, ಎಲ್‌ಇಡಿ ಟಾರ್ಚ್ ಸಾಕು. ಕಣ್ಣಿಗೆ ಕನ್ನಡಕ, ಕೈಗೆ ನೈಟ್ರೈಲ್ ಗ್ಲೌಸ್. ಒಬ್ಬರೇ ಇದ್ದಾಗ ಪೈಪ್ ಬಿಚ್ಚುವ ಕೆಲಸಕ್ಕೆ ಕೈ ಹಾಕಬೇಡಿ.

ವಾಸನೆ ಕಾರಿನದ್ದೇನಾ?

ನಗಬೇಡಿ. ತೋಟದ ಮನೆಗಳಲ್ಲಿ ಮೊದಲ ಆರೋಪಿ ಕಳೆ ಹೊಡೆಯುವ ಮಷೀನು. ಅದರ ಪೆಟ್ರೋಲ್ ಕ್ಯಾನು, ಮರ ಕೊಯ್ಯುವ ಮಷೀನು, ಜನರೇಟರು ಎಲ್ಲಾ ಅದೇ ಶೆಡ್ಡಿನಲ್ಲಿ ಇರುತ್ತವೆ. ಎಲ್ಲವನ್ನೂ ಬೇರೆ ಕಡೆ ಸಾಗಿಸಿ ಒಂದು ರಾತ್ರಿ ಬಿಡಿ. ಡಿಕ್ಕಿಯಲ್ಲಿ ಯಾವತ್ತಾದರೂ ಕ್ಯಾನ್ ತಂದಿದ್ದರೆ ಮ್ಯಾಟ್ ಎತ್ತಿ ಅದರ ಅಡಿ ಮೂಸಿ ನೋಡಿ. ಕಾರ್ಪೆಟ್ಟಿಗೆ ಬಿದ್ದ ಒಂದು ಲೋಟ ಪೆಟ್ರೋಲ್ ವಾರಗಟ್ಟಲೆ ಕಾಡುತ್ತದೆ.

ಎರಡನೇ ಆರೋಪಿ ಬಂಕು. ನಳಿಕೆ ಟಕ್ ಅಂತ ತಾನಾಗಿ ನಿಂತ ಮೇಲೂ "ರೌಂಡ್ ಫಿಗರ್ ಮಾಡ್ತೀನಿ ಸಾರ್" ಅಂತ ಇನ್ನಷ್ಟು ಒತ್ತುತ್ತಾರಲ್ಲ, ಅದು. ಟ್ಯಾಂಕಿನ ಮೇಲ್ಭಾಗದಲ್ಲಿ ಖಾಲಿ ಜಾಗ ಬಿಟ್ಟಿರುವುದಕ್ಕೆ ಕಾರಣ ಇದೆ. ನೆಲದಡಿಯ ತೊಟ್ಟಿಯಿಂದ ತಣ್ಣಗೆ ಬಂದ 60 ಲೀಟರ್ ಪೆಟ್ರೋಲ್ 18 ಡಿಗ್ರಿ ಬಿಸಿಯಾದರೆ ಹೆಚ್ಚು ಕಡಿಮೆ ಒಂದು ಲೀಟರ್ ಹಿಗ್ಗುತ್ತದೆ. ಕತ್ತಿನ ತನಕ ತುಂಬಿಸಿದರೆ ಆ ಲೀಟರ್ ಎಲ್ಲಿಗೆ ಹೋಗಬೇಕು? ಆವಿ ಹೋಗಬೇಕಾದ ಪೈಪಿಗೆ ಪೆಟ್ರೋಲೇ ಹೋಗುತ್ತದೆ.

ಯಾವಾಗ ಬರುತ್ತದೆ?

ಒಂದು ಚೀಟಿ ಇಟ್ಟುಕೊಳ್ಳಿ. ಪ್ರತಿ ಸಲ ವಾಸನೆ ಬಂದಾಗ ನಾಲ್ಕು ವಿಷಯ ಬರೆಯಿರಿ: ಇಂಜಿನ್ ತಣ್ಣಗಿತ್ತೋ ಬಿಸಿಯೋ, ಟ್ಯಾಂಕ್ ಎಷ್ಟು ತುಂಬಿತ್ತು, ಕಾರು ನಿಂತಿತ್ತೋ ಓಡುತ್ತಿತ್ತೋ, ಕಿಟಕಿ ಅಥವಾ ಟಾಪ್ ತೆಗೆದಿತ್ತೋ ಮುಚ್ಚಿತ್ತೋ.

ಡಿಸೆಂಬರ್ ಚಳಿಯಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ವಾಸನೆ ಜೋರು, ಹತ್ತು ನಿಮಿಷ ಓಡಿಸಿದ ಮೇಲೆ ಮಾಯ. ಇದು ಗಟ್ಟಿಯಾದ ರಬ್ಬರಿನ ಲಕ್ಷಣ. ಓ-ರಿಂಗ್ (ಜಾಯಿಂಟಿನೊಳಗಿನ ರಬ್ಬರ್ ಬಳೆ) ಅಥವಾ ಹೋಸ್ ಚಳಿಗೆ ಕುಗ್ಗಿ ಸಂದು ಬಿಡುತ್ತದೆ, ಬಿಸಿಯಾದ ಮೇಲೆ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಗ್ಯಾರೇಜಿಗೆ ಹೋಗುವಷ್ಟರಲ್ಲಿ ಕಾರು ಬಿಸಿಯಾಗಿರುತ್ತದೆ, "ಏನೂ ಇಲ್ಲ ಸಾರ್" ಅಂತ ಕಳಿಸುತ್ತಾರೆ. ಇಂಥ ಕಾರನ್ನು ಹಿಂದಿನ ರಾತ್ರಿಯೇ ಅಲ್ಲಿ ಬಿಟ್ಟು ಬನ್ನಿ.

ಓಡಿಸಿ ನಿಲ್ಲಿಸಿದ ಐದು ಹತ್ತು ನಿಮಿಷಕ್ಕೆ ಬಂದರೆ ಇಂಜಿನ್ ಕಡೆ ನೋಡಿ. ನಿಂತ ಇಂಜಿನ್ನಿನ ಬಿಸಿ ಮೇಲೇರಿ ಪೆಟ್ರೋಲ್ ಪೈಪುಗಳನ್ನು ಕಾಯಿಸುತ್ತದೆ, ಸಣ್ಣ ಜಿನುಗು ಕೂಡ ಆವಿಯಾಗುತ್ತದೆ. ಇಂಜಿನ್ ಮಧ್ಯದಲ್ಲೋ ಹಿಂದೆಯೋ ಇರುವ ಕಾರುಗಳಲ್ಲಿ ಜಾಗ ಇಕ್ಕಟ್ಟು, ಇದು ಇನ್ನೂ ಜಾಸ್ತಿ.

ಫುಲ್ ಟ್ಯಾಂಕ್ ಇದ್ದಾಗ ಮಾತ್ರ ಬಂದು, ಅರ್ಧಕ್ಕಿಳಿದ ಮೇಲೆ ಇಲ್ಲ ಅಂದರೆ ಟ್ಯಾಂಕಿನ ಮೇಲ್ಭಾಗ: ಪಂಪಿನ ಸೀಲ್, ಪೆಟ್ರೋಲ್ ಹಾಕುವ ಕತ್ತಿನ ಹೋಸ್, ಆವಿಯ ಪೈಪುಗಳು. ತಿರುವಿನಲ್ಲಿ ಮಾತ್ರ ಬಂದರೂ ಇದೇ ಜಾಗ.

ಇನ್ನೊಂದು ನಮ್ಮ ಕಡೆಯದ್ದೇ ಲಕ್ಷಣ. ಮಂಗಳೂರಿನಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ಟ್ಯಾಂಕ್ ತುಂಬಿಸಿ, ಚಾರ್ಮಾಡಿ ಹತ್ತಿ, ಕೊಟ್ಟಿಗೆಹಾರದಲ್ಲಿ ಟೀಗೆ ನಿಂತಾಗ ಘಾಟು. ಸಮುದ್ರ ಮಟ್ಟದಿಂದ ಸುಮಾರು 1000 ಮೀಟರ್ ಮೇಲೆ ಗಾಳಿಯ ಒತ್ತಡ ಶೇ 11ರಷ್ಟು ಕಡಿಮೆ. ಟ್ಯಾಂಕಿನೊಳಗೆ ಆವಿ ಹೆಚ್ಚುತ್ತದೆ, ಹೊರಗೆ ನುಗ್ಗಲು ನೋಡುತ್ತದೆ. ಆವಿ ಹಿಡಿದಿಡುವ ವ್ಯವಸ್ಥೆ ಸರಿಯಿದ್ದರೆ ಮೂಗಿಗೆ ತಿಳಿಯಬಾರದು. ತಿಳಿದರೆ ಮೊದಲು ಅದನ್ನೇ ಪರೀಕ್ಷಿಸಿ.

ಎಲ್ಲಿ ಜೋರು?

ಕಾರನ್ನು ಸಂಜೆ ಶೆಡ್ಡಿಗೆ ಹಾಕಿ, ಕೆಳಗೆ ರಟ್ಟಿನ ಹಾಳೆ ಹಾಸಿ, ರಾತ್ರಿಯಿಡೀ ಬಿಡಿ. ಲೈಟ್ ಸ್ವಿಚ್ ಮುಟ್ಟಬೇಡಿ. ಬೆಳಗ್ಗೆ ಬೆಳಕಾದ ಮೇಲೆ ಬಾಗಿಲು ಪೂರ್ತಿ ತೆಗೆದು, ಹೊರಗೆ ನಿಂತೇ ಮೊದಲ ಉಸಿರು ತಗೊಳ್ಳಿ. ಘಾಟು ತುಂಬಾ ಇದ್ದರೆ ಅರ್ಧ ಗಂಟೆ ಗಾಳಿಯಾಡಲಿ. ಆಮೇಲೆ ಒಂದೊಂದೇ ಜಾಗ ಮೂಸುತ್ತಾ ಹೋಗಿ: ಪೆಟ್ರೋಲ್ ಮುಚ್ಚಳ, ನಾಲ್ಕು ಚಕ್ರದ ಗೂಡು, ಬಾನೆಟ್, ಡಿಕ್ಕಿ, ಕೊನೆಗೆ ಒಳಗಿನ ಸೀಟು. ಮೂಗು ಬೇಗ ಮರಗಟ್ಟುತ್ತದೆ. ಎರಡು ಮೂರು ಜಾಗಕ್ಕೊಮ್ಮೆ ಹೊರಗೆ ಹೋಗಿ ಬನ್ನಿ. ಶೆಡ್ಡಿಗೆ ಕಾಲಿಡದ ಮನೆಯವರೊಬ್ಬರನ್ನು ಕರೆದು "ಎಲ್ಲಿ ಜಾಸ್ತಿ ಬರ್ತಿದೆ?" ಅಂತ ಕೇಳುವುದು ಇನ್ನೂ ಒಳ್ಳೆಯದು. ಕಾಫಿ ಹೂ ಬಿಟ್ಟ ವಾರ ಮಾತ್ರ ಈ ಪರೀಕ್ಷೆ ಇಟ್ಟುಕೊಳ್ಳಬೇಡಿ, ಆ ಘಮದಲ್ಲಿ ಯಾರ ಮೂಗೂ ನೆಟ್ಟಗಿರಲ್ಲ.

ಘಾಟು ಜೋರಾಗಿರುವ ಜಾಗದಲ್ಲೇ ಸೋರಿಕೆ ಇರಬೇಕೆಂದಿಲ್ಲ. ಆವಿ ಕೆಳಕ್ಕಿಳಿಯುತ್ತದೆ. ಚಕ್ರದ ಹತ್ತಿರ ವಾಸನೆ ಇದ್ದರೆ ಅದರ ಮೇಲೆ ಏನಿದೆ ನೋಡಿ. ಇದಕ್ಕೆ ನಿಮ್ಮ ಕಾರಿನಲ್ಲಿ ಟ್ಯಾಂಕ್ ಎಲ್ಲಿದೆ ಅನ್ನೋದು ಗೊತ್ತಿರಬೇಕು. ಪೋರ್ಷೆ 911, ಬಾಕ್ಸ್‌ಸ್ಟರ್, ಕೇಮನ್‌ಗಳಲ್ಲಿ ಇಂಜಿನ್ ಹಿಂದಿದ್ದರೂ ಟ್ಯಾಂಕ್ ಇರುವುದು ಮುಂದೆ, ಮುಂದಿನ ಡಿಕ್ಕಿಗೂ ಕ್ಯಾಬಿನ್ನಿಗೂ ನಡುವೆ. ಇಂಥ ಕಾರಿನಲ್ಲಿ ಎಸಿ ಹೊರಗಿನ ಗಾಳಿ ಎಳೆದಾಗ ವಾಸನೆ ಬಂದು, ಒಳಗಿನ ಗಾಳಿಗೆ ಬದಲಾಯಿಸಿದಾಗ ನಿಂತರೆ, ಇಂಜಿನ್ ಬಿಟ್ಟು ಟ್ಯಾಂಕಿನ ಕಡೆ ನೋಡಿ. ಮುಂದೆ ಇಂಜಿನ್ ಇರುವ ಕಾರುಗಳಲ್ಲಿ ಇದೇ ಲಕ್ಷಣ ಬಾನೆಟ್ ಒಳಗನ್ನು ತೋರಿಸುತ್ತದೆ. ಆಡಿ ಟಿಟಿಯಂಥ ಕಾರಿನಲ್ಲಿ ಟ್ಯಾಂಕ್ ಹಿಂದಿನ ಸೀಟಿನ ಅಡಿ ಇದೆ, ಹಾಗಾಗಿ ಸೀಟಿನಿಂದಲೇ ಬಂದ ಹಾಗೆ ಅನಿಸುತ್ತದೆ.

ಇಂಜಿನ್ ಕಡೆ

ಇಂಜಿನ್ ತಣ್ಣಗಿರುವಾಗ ಬಾನೆಟ್ ತೆಗೆದು ಪ್ಲಾಸ್ಟಿಕ್ ಕವರ್ ಬಿಚ್ಚಿ. ಇಗ್ನಿಷನ್ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಎಷ್ಟೋ ಕಾರುಗಳಲ್ಲಿ ಪಂಪ್ ಎರಡು ಮೂರು ಸೆಕೆಂಡ್ ಓಡಿ ನಿಲ್ಲುತ್ತದೆ. ಮಾಮೂಲಿ ಇಂಜೆಕ್ಷನ್ ಕಾರಿನಲ್ಲಿ ಆಗ 3ರಿಂದ 4 ಬಾರ್ ಒತ್ತಡ ಬರುತ್ತದೆ. ಇನ್ನೊಬ್ಬರು ಟಾರ್ಚ್ ಹಿಡಿದು ನೋಡುತ್ತಿರಲಿ.

ಪೆಟ್ರೋಲ್ ಬೇಗ ಆರಿಹೋಗುತ್ತದೆ, ಆದರೆ ಗುರುತು ಬಿಡುತ್ತದೆ. ಧೂಳು ಹಿಡಿದ ಅಲ್ಯೂಮಿನಿಯಂ ಮೇಲೆ ಒಂದು ಕಡೆ ಮಾತ್ರ ತೊಳೆದಷ್ಟು ಹೊಳೆಯುವ ಗೆರೆ ಇದ್ದರೆ, ಅಥವಾ ಇಂಜೆಕ್ಟರ್ ಬುಡದಲ್ಲಿ ಕಂದು ಅಂಟು ಕಲೆ ಇದ್ದರೆ, ಅದರ ಮೇಲಿನ ಜಾಯಿಂಟ್ ನೋಡಿ. ಬಿಳಿ ಟಿಶ್ಯೂ ಪೇಪರನ್ನು ಚೂಪಾಗಿ ಸುತ್ತಿ ಪ್ರತಿ ಜಾಯಿಂಟಿನ ಸುತ್ತ ತಿರುಗಿಸಿ, ಮೂಸಿ. ಪ್ರತಿ ಜಾಯಿಂಟಿಗೂ ಹೊಸ ಟಿಶ್ಯೂ.

ರಬ್ಬರ್ ಹೋಸುಗಳಿಗೆ ಬೇರೆ ಪರೀಕ್ಷೆ. ಒಣ ಬಟ್ಟೆಯಿಂದ ಹೋಸನ್ನು ಉದ್ದಕ್ಕೂ ಗಟ್ಟಿಯಾಗಿ ಉಜ್ಜಿ, ಬಟ್ಟೆಯನ್ನು ದೂರ ತಗೊಂಡು ಹೋಗಿ ಮೂಸಿ. ಒಂದು ಹನಿಯೂ ಕಾಣದಿದ್ದರೂ ಬಟ್ಟೆಯಲ್ಲಿ ಪೆಟ್ರೋಲ್ ವಾಸನೆ ಬಂದರೆ, ಹೋಸಿನ ಗೋಡೆಯಿಂದಲೇ ಅದು ಹೊರಬರುತ್ತಿದೆ ಅಂತ ಅರ್ಥ. ಹಳೇ ಕಾರುಗಳಲ್ಲಿ ಇದು ಈಗ ಜಾಸ್ತಿ ಗಮನಿಸಬೇಕಾದ ವಿಷಯ. 2023ರಿಂದ ನಮ್ಮ ಬಂಕುಗಳಿಗೆ ಶೇ 20 ಎಥನಾಲ್ ಬೆರೆತ ಪೆಟ್ರೋಲ್ ಬರಲು ಶುರುವಾಯಿತು. ಅದಕ್ಕಿಂತ ಎಷ್ಟೋ ವರ್ಷ ಮೊದಲು ಮಾಡಿದ ಕಾರಿನ ರಬ್ಬರ್ ಇಷ್ಟು ಎಥನಾಲಿಗೆ ಅಂತ ಮಾಡಿದ್ದಲ್ಲ. ಕೆಲವು ಬಗೆಯ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಆಮೇಲೆ ಒಣಗಿದಾಗ ಬಿರುಕು ಬಿಡುತ್ತದೆ. ಹೋಸನ್ನು ಮೆಲ್ಲಗೆ ಬಾಗಿಸಿ ನೋಡಿ, ಬಿರುಕು ಬಾಯಿ ಬಿಡುತ್ತದೆ. ಹಲ್ಲಿನ ಗುರುತು ಕಂಡರೆ ಇಲಿಯದ್ದೋ ಹೆಗ್ಗಣದ್ದೋ ಕೆಲಸ.

ಕೆಲವು ಕಾರುಗಳಲ್ಲಿ ಪೆಟ್ರೋಲ್ ಒತ್ತಡ ಹತೋಟಿಯಲ್ಲಿಡುವ ಪ್ರೆಷರ್ ರೆಗ್ಯುಲೇಟರ್ ಇಂಜಿನ್ ಮೇಲೆ ಇರುತ್ತದೆ, ಅದಕ್ಕೊಂದು ಸಣ್ಣ ವ್ಯಾಕ್ಯೂಮ್ ಪೈಪ್. ಆ ಪೈಪ್ ಎಳೆದು ನೋಡಿ. ಒಳಗೆ ಪೆಟ್ರೋಲ್ ಇದ್ದರೆ ರೆಗ್ಯುಲೇಟರಿನ ಒಳಪೊರೆ (ಡಯಾಫ್ರಾಂ) ಹರಿದಿದೆ, ರೆಗ್ಯುಲೇಟರ್ ಬದಲಾಯಿಸಿ. ಇಂಜಿನ್ ಆಯಿಲ್ ಕಡ್ಡಿಯನ್ನೂ ಮೂಸಿ. ಪೆಟ್ರೋಲ್ ವಾಸನೆ ಜೋರಾಗಿದ್ದು ಆಯಿಲ್ ಮಟ್ಟ ಏರಿದ್ದರೆ ಯಾವುದೋ ಇಂಜೆಕ್ಟರ್ ಮುಚ್ಚಿಕೊಳ್ಳದೇ ಇರಬಹುದು. ಆ ಆಯಿಲಿನಲ್ಲಿ ಕಾರು ಓಡಿಸಬೇಡಿ.

ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಕಾರುಗಳಿಗೆ ಒಂದು ಎಚ್ಚರಿಕೆ. ಅವುಗಳ ಉಕ್ಕಿನ ಪೈಪುಗಳಲ್ಲಿ 200 ಬಾರ್‌ವರೆಗೂ, ಕೆಲವದರಲ್ಲಿ ಇನ್ನೂ ಹೆಚ್ಚು ಒತ್ತಡ ಇರುತ್ತದೆ. ಕೂದಲೆಳೆಯಷ್ಟು ಸೋರಿಕೆಯೂ ಚರ್ಮ ಸೀಳಿಕೊಂಡು ಒಳಹೋಗುತ್ತದೆ. ಆ ಭಾಗವನ್ನು ಕಣ್ಣಲ್ಲಿ ನೋಡಿ ಬಿಡಿ. ಬಿಚ್ಚುವುದು ಅದರ ಟೂಲ್ಸ್ ಇರುವವರ ಕೆಲಸ.

ಟ್ಯಾಂಕಿನ ತಲೆ

ಸೀಟು ಅಥವಾ ಕಾರ್ಪೆಟ್ ಎತ್ತಿದರೆ ಒಂದು ದುಂಡಗಿನ ಮುಚ್ಚಳ, ಅದರ ಕೆಳಗೆ ಪಂಪಿನ ತಲೆ ಸಿಗುತ್ತದೆ. ಸುತ್ತಲಿನ ಧೂಳು ಒದ್ದೆಯಾಗಿ ಕಪ್ಪಾಗಿದ್ದರೆ ಸೀಲ್ ಹೋಗಿದೆ. ಪ್ಲಾಸ್ಟಿಕ್ ತಲೆಯಲ್ಲೇ ಕೂದಲು ಬಿರುಕು ಇರುವುದೂ ಉಂಟು, ಪೈಪ್ ಕೂರುವ ಕೊಂಬಿನ ಬುಡದಲ್ಲಿ ನೋಡಿ. ಬಿಚ್ಚುವ ಮೊದಲು ಟ್ಯಾಂಕನ್ನು ಕಾಲು ಭಾಗಕ್ಕಿಂತ ಕೆಳಗೆ ಇಳಿಸಿ. ಓಡಿಸಿ ಇಳಿಸುವುದು ಕ್ಷೇಮವಾಗಿಲ್ಲದಿದ್ದರೆ ಗ್ಯಾರೇಜಿನಲ್ಲಿ ತೆಗೆಸಿ. ಸೀಲಿನ ರಿಂಗ್ ತಿರುಗಿಸಲು ಅದರದ್ದೇ ಟೂಲ್ ಸಿಗುತ್ತದೆ. ಉಕ್ಕಿನ ಚಾಣ ಇಟ್ಟು ಸುತ್ತಿಗೆಯಲ್ಲಿ ಹೊಡೆಯುವವರನ್ನು ಹತ್ತಿರ ಸೇರಿಸಬೇಡಿ. ಕಿಡಿ ಹಾರುವುದು ಹಾಗೇ.

ಸೀಲ್ ಹಳೆಯದನ್ನೇ ತಿರುಗಿಸಿ ಹಾಕುವುದು, ಮೇಲೆ ಸಿಲಿಕಾನ್ ಮೆತ್ತುವುದು ಎರಡೂ ವ್ಯರ್ಥ. ಮಾಮೂಲಿ ಸಿಲಿಕಾನ್ ಪೆಟ್ರೋಲಿಗೆ ಉಬ್ಬಿ ಕಿತ್ತು ಬರುತ್ತದೆ, ತುಣುಕು ಟ್ಯಾಂಕಿಗೆ ಬಿದ್ದರೆ ಪಂಪಿಗೂ ತೊಂದರೆ.

ಆವಿಯ ದಾರಿ

ನನ್ನ ಪ್ರಕಾರ ಜನ ಕೊನೆಗೆ ನೋಡುವ, ಆದರೆ ಮೊದಲೇ ನೋಡಬೇಕಾದ ಜಾಗ ಇದು. ಟ್ಯಾಂಕಿನ ಆವಿ ಇದ್ದಿಲು ತುಂಬಿದ ಡಬ್ಬಿಗೆ ಹೋಗುತ್ತದೆ. ಇದ್ದಿಲು ಸ್ಪಂಜಿನ ಹಾಗೆ ಅದನ್ನು ಹೀರಿಟ್ಟುಕೊಳ್ಳುತ್ತದೆ. ಇಂಜಿನ್ ಓಡುವಾಗ ಪರ್ಜ್ ವಾಲ್ವ್ ತೆರೆದು ಆ ಆವಿಯನ್ನು ಇಂಜಿನ್ ಎಳೆದು ಸುಡುತ್ತದೆ. ಡಬ್ಬಿಗೆ ಹೊರಗಿನ ಗಾಳಿ ಬರಲು ಇನ್ನೊಂದು ಪೈಪ್.

ಆ ಗಾಳಿ ಪೈಪಿನ ಬಾಯಿ ಹುಳುಗಳಿಗೆ ಬಲು ಇಷ್ಟ. ಅಮೆರಿಕದಲ್ಲಿ 2011ರಲ್ಲಿ ಮಜ್ದಾ ಕಂಪನಿ ಸುಮಾರು 65,000 ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ಕಾರಣ, ಒಂದು ಜಾತಿಯ ಜೇಡ ಈ ಪೈಪಿನಲ್ಲಿ ಬಲೆ ಕಟ್ಟುತ್ತಿತ್ತು. ನಮ್ಮ ತೋಟಗಳಲ್ಲಿ ಜೇಡದ ಜೊತೆ ಮಣ್ಣಿನ ಗೂಡು ಕಟ್ಟುವ ಕಣಜವೂ ಇದೆ. ಪೈಪ್ ಮುಚ್ಚಿದರೆ ಮುಚ್ಚಳ ತೆಗೆದಾಗ ಜೋರಾಗಿ ಉಸ್ಸೆನ್ನುತ್ತದೆ, ಬಂಕಿನಲ್ಲಿ ನಳಿಕೆ ಮತ್ತೆ ಮತ್ತೆ ತಾನಾಗಿ ನಿಲ್ಲುತ್ತದೆ. ಪೈಪ್ ಬಿಚ್ಚಿ, ಬಾಯಿ ಸ್ವಚ್ಛ ಮಾಡಿ.

ಪರ್ಜ್ ವಾಲ್ವ್ ನೋಡುವುದು ಸುಲಭ. ಕನೆಕ್ಟರ್ ತೆಗೆದು, ವಾಲ್ವನ್ನು ಕೈಗೆ ತಗೊಂಡು, ಒಂದು ಶುದ್ಧ ಪೈಪ್ ತುಂಡು ಸಿಕ್ಕಿಸಿ ಊದಿ. ಕರೆಂಟ್ ಇಲ್ಲದಾಗ ಗಾಳಿ ದಾಟಬಾರದು. ದಾಟಿದರೆ ವಾಲ್ವ್ ತೆರೆದೇ ಕೂತಿದೆ. ಪೆಟ್ರೋಲ್ ಹಾಕಿಸಿದ ಕೂಡಲೇ ಸ್ಟಾರ್ಟ್ ಆಗಲು ಸತಾಯಿಸುವ ಕಾರಿನಲ್ಲಿ ಹೆಚ್ಚಾಗಿ ಇದೇ ಕಥೆ.

ಇದ್ದಿಲ ಡಬ್ಬಿ ಎತ್ತಿ ಅಲ್ಲಾಡಿಸಿ. ಒಳಗೆ ದ್ರವ ಕುಲುಕಿದರೆ ಪೆಟ್ರೋಲೇ ಸೇರಿದೆ, ಬದಲಾಯಿಸಬೇಕು. ತೊಳೆದು ಒಣಗಿಸಿದರೆ ಆಗಲ್ಲ. ಯಾಕೆ ತುಂಬಿತು ಅಂತ ತಿಳಿಯದೆ ಹೊಸದು ಹಾಕಿದರೂ ಅದಕ್ಕೂ ಅದೇ ಗತಿ.

ಕಾರಿನ ಕಂಪ್ಯೂಟರ್ ದೋಷ ಓದುವ ಸ್ಕ್ಯಾನರಿನಲ್ಲಿ ಪಿ0442, ಪಿ0455, ಪಿ0456 ಕೋಡ್ ಬಂದರೆ ಆವಿ ಸೋರಿಕೆ, ಪಿ0441 ಬಂದರೆ ಪರ್ಜ್ ಹರಿವಿನ ದೋಷ. ಆದರೆ ಎಷ್ಟೋ ಹಳೇ ಕಾರುಗಳಲ್ಲಿ ಆವಿ ಸೋರಿಕೆ ಪರೀಕ್ಷಿಸುವ ವ್ಯವಸ್ಥೆಯೇ ಇಲ್ಲ. ಡ್ಯಾಶ್‌ಬೋರ್ಡಿನ ಇಂಜಿನ್ ಲೈಟ್ ಉರಿದಿಲ್ಲ ಅಂದ ಮಾತ್ರಕ್ಕೆ ಸೋರಿಕೆ ಇಲ್ಲ ಅಂತಲ್ಲ. ಕಣ್ಣಿಗೆ ಸಿಗದ ಸೋರಿಕೆಗೆ ಹೊಗೆ ಹಾಕಿ ನೋಡುವ ಮಷೀನ್ ಇರುವ ಗ್ಯಾರೇಜ್ ವಿಚಾರಿಸಿ. ಬಹಳ ಕಡಿಮೆ ಒತ್ತಡದಲ್ಲಿ, ನೈಟ್ರೋಜನ್ ಜೊತೆ ಹೊಗೆ ಬಿಡಬೇಕು. ಟೈರಿಗೆ ಗಾಳಿ ಹಾಕುವ ಕಂಪ್ರೆಸರನ್ನು ಟ್ಯಾಂಕಿಗೆ ಸಿಕ್ಕಿಸುವ ಐಡಿಯಾ ಯಾರಾದರೂ ಕೊಟ್ಟರೆ ಕಾರು ವಾಪಸ್ ತಗೊಂಡು ಬನ್ನಿ.

ಇನ್ನು ಸೈಲೆನ್ಸರ್. ಸೌಂಡ್ ಬರಲಿ ಅಂತ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಭಾಗ) ತೆಗೆಸಿದ ಕಾರು ಪೆಟ್ರೋಲ್ ವಾಸನೆ ಬರದೆ ಇರುತ್ತಾ? ಟಾಪ್ ತೆಗೆದು ಓಡಿಸುವಾಗ ಹಿಂದಿನ ಗಾಳಿ ಸುತ್ತಿಕೊಂಡು ಒಳಗೇ ಬರುತ್ತದೆ. ಅದನ್ನು ವಾಪಸ್ ಹಾಕಿಸಿ, ಡಿಕ್ಕಿಯ ರಬ್ಬರ್ ನೋಡಿ. ಅಷ್ಟೇ.

ಹೋಸ್ ಬದಲಾಯಿಸುವುದು

ದ್ರವ ಸೋರದಿದ್ದರೆ: ಪಂಪಿನ ಫ್ಯೂಸ್ ತೆಗೆದು, ಇಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ, ಇನ್ನೊಮ್ಮೆ ಎರಡು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಒತ್ತಡ ಇಳಿಯುತ್ತದೆ. ಇಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಜಾಯಿಂಟಿಗೆ ಬಟ್ಟೆ ಸುತ್ತಿ ಮೆಲ್ಲಗೆ ಬಿಚ್ಚಿ, ಉಳಿದ ಪೆಟ್ರೋಲನ್ನು ಲೋಹದ ಪಾತ್ರೆಗೆ ಬಿಡಿ.

ಅಂಗಡಿಯಲ್ಲಿ "ಪೆಟ್ರೋಲ್ ಪೈಪ್ ಕೊಡಿ" ಅಂದರೆ ಬೈಕಿನ ಪೈಪೂ ಕೊಟ್ಟಾರು. ಇಂಜೆಕ್ಷನ್ ಕಾರಿಗೆ ಹೋಸಿನ ಮೇಲೆ ಎಸ್‌ಎಇ ಜೆ30 ಆರ್9 (SAE J30 R9) ಅಂತ ಅಚ್ಚಾಗಿರಬೇಕು. ಆರ್6, ಆರ್7 ಕಾರ್ಬ್ಯುರೇಟರಿನ ಕಡಿಮೆ ಒತ್ತಡಕ್ಕೆ. ಟ್ಯಾಂಕಿನೊಳಗೆ ಮುಳುಗಿರುವ ತುಂಡಿಗೆ ಆರ್10 ಬೇಕು, ಆರ್9 ಅಲ್ಲಿ ಹೊರಗಿನಿಂದ ಕರಗುತ್ತಾ ಹೋಗುತ್ತದೆ. ಕ್ಲಿಪ್ಪು ಸುತ್ತಲೂ ಸಮನಾಗಿ ಒತ್ತುವ ಇಂಜೆಕ್ಷನ್ ಕ್ಲಿಪ್ ಆಗಿರಲಿ. ಪಟ್ಟಿಗೆ ತೂತಿರುವ ಮಾಮೂಲಿ ಕ್ಲಿಪ್ ಹೋಸಿನ ಮೈ ಕೊಯ್ಯುತ್ತದೆ. ಇಂಜೆಕ್ಟರ್ ಓ-ರಿಂಗ್ ಹಾಕುವಾಗ ಶುದ್ಧ ಇಂಜಿನ್ ಆಯಿಲ್ ಒಂದು ಹನಿ ಸವರಿ, ಇಲ್ಲದಿದ್ದರೆ ಕೂರುವಾಗಲೇ ಹರಿಯುತ್ತದೆ. ಒಂದು ಹೋಸ್ ಹೋಗಿದ್ದರೆ ಅದೇ ವಯಸ್ಸಿನ ಉಳಿದವನ್ನೂ ಬದಲಾಯಿಸಿ. ಉಕ್ಕಿನ ಪೈಪಿಗೆ ತುಕ್ಕು ಹಿಡಿಯುವುದು ಕ್ಲಿಪ್ಪಿನ ಅಡಿ ಕೆಸರು ಕೂರುವ ಕಡೆ. ಮಳೆಗಾಲ ಮುಗಿದ ಮೇಲೆ ಅಲ್ಲಿ ಒಮ್ಮೆ ನೋಡಿ.

ಮುಗಿದ ಮೇಲೆ ಬ್ಯಾಟರಿ, ಫ್ಯೂಸ್ ಜೋಡಿಸಿ, ಇಗ್ನಿಷನ್ ಮೂರ್ನಾಲ್ಕು ಸಲ ಆನ್ ಆಫ್ ಮಾಡಿ, ಟಿಶ್ಯೂ ಹಿಡಿದು ಪ್ರತಿ ಜಾಯಿಂಟ್ ನೋಡಿ. ಒಣಗಿದ್ದರೆ ಮಾತ್ರ ಸ್ಟಾರ್ಟ್. ಹತ್ತು ನಿಮಿಷ ನಿಂತಲ್ಲೇ ಓಡಲಿ, ಮತ್ತೆ ನೋಡಿ. ಆಮೇಲೆ ಮನೆ ಹತ್ತಿರವೇ ಒಂದು ಸುತ್ತು. ಮಾರನೇ ದಿನ ಚಳಿಯಲ್ಲಿ ಇನ್ನೊಮ್ಮೆ ನೋಡಿ, ನಿಜವಾದ ಪರೀಕ್ಷೆ ಅದೇ.

ಕ್ಯಾಬಿನ್ನಿನಲ್ಲಿ ಉಳಿದ ವಾಸನೆ ಹೋಗಲು ಕೆಲವು ದಿನ ಬೇಕು. ಕಾರ್ಪೆಟ್ ತೆಗೆದು ಬಿಸಿಲಿಗೆ ಹಾಕಿ. ಬಟ್ಟಲಿನಲ್ಲಿ ಕಾಫಿ ಪುಡಿ ಇಡಿ ಅಂತ ಈ ಊರಲ್ಲಿ ಎಲ್ಲರೂ ಹೇಳುತ್ತಾರೆ. ಇಡಿ, ಆದರೆ ಸೋರಿಕೆ ನಿಂತಿದೆ ಅಂತ ಖಾತ್ರಿಯಾದ ಮೇಲೆ. ಮೊದಲೇ ಇಟ್ಟರೆ ಎಚ್ಚರಿಸುವ ವಾಸನೆಯನ್ನೇ ಮುಚ್ಚಿದ ಹಾಗೆ.

ಪೆಟ್ರೋಲ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಶೆಡ್ಡಿನ ಮೂಲೆಗೆ ಎಸೆಯಬೇಡಿ. ಬಿಡಿಸಿ ಬಯಲಲ್ಲಿ ಒಣಗಿಸಿ, ಒಲೆಗೆ ಹಾಕಬೇಡಿ. ಪಾತ್ರೆಗೆ ಇಳಿಸಿದ ಪೆಟ್ರೋಲ್ ಕೊಳಕಾಗಿದ್ದರೆ ಮುಚ್ಚಳ ಗಟ್ಟಿಯಿರುವ ಕ್ಯಾನಿಗೆ ಹಾಕಿ ಗ್ಯಾರೇಜಿನವರಿಗೆ ಕೊಡಿ. ತೋಟದ ಹಳ್ಳಕ್ಕೆ ಸುರಿಯಬೇಡಿ, ಕೆಳಗಿನ ಮನೆಯವರು ಕುಡಿಯುವುದು ಅದೇ ನೀರು.